ಶತ್ರುಗಳನ್ನು ಪೋಣಿಸಿ ಕಟ್ಟಿದ ದೇಶ: ಬಿಸ್ಮಾರ್ಕ್‌ನ ಜರ್ಮನಿಯ ಕಥೆ

1866ರ ಜುಲೈ 10ರಂದು ಕಿಸಿಂಗನ್ ಎಂಬ ಪುಟ್ಟ ಊರಿನಲ್ಲಿ ಬವೇರಿಯಾದ ಸೈನಿಕರೂ ಪ್ರಷ್ಯಾದ ಸೈನಿಕರೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಆಗ ಜರ್ಮನಿ ಇನ್ನೂ ಒಂದು ದೇಶವಾಗಿರಲಿಲ್ಲ, ಇವೆರಡೂ ಬೇರೆ ಬೇರೆ ರಾಜ್ಯಗಳು. ಆದರೆ ಎರಡೂ ಕಡೆಯವರು ಜರ್ಮನ್ ಮಾತಾಡುವವರೇ. 1870ರ ಆಗಸ್ಟ್ 4ರಂದು ಇದೇ ಎರಡು ಸೇನೆಗಳು ಒಟ್ಟಾಗಿ ಫ್ರಾನ್ಸಿನ ಗಡಿ ದಾಟಿ ವೈಸೆನ್‌ಬುರ್ಗ್ ಪಟ್ಟಣವನ್ನು ಗೆದ್ದವು. ನಡುವಿನ ನಾಲ್ಕು ವರ್ಷಗಳಲ್ಲಿ ಇವರಿಬ್ಬರ ಜಗಳದ ಕಾರಣಗಳ ಪೈಕಿ ಒಂದೂ ಬಗೆಹರಿದಿರಲಿಲ್ಲ. ದಕ್ಷಿಣದ ಬವೇರಿಯಾ ಕ್ಯಾಥೊಲಿಕ್ ನಾಡು, ಪ್ರಷ್ಯಾದಲ್ಲಿ ಪ್ರಾಟೆಸ್ಟೆಂಟರೇ ಹೆಚ್ಚು. ಪ್ರಷ್ಯಾದ ರಾಜಧಾನಿ ಬರ್ಲಿನ್‌ನ ಸೈನಿಕ ಶಿಸ್ತು, ಬರ್ಲಿನ್‌ನ ತೆರಿಗೆ ಎಂದರೆ ದಕ್ಷಿಣದವರಿಗೆ ಆಗುತ್ತಲೇ ಇರಲಿಲ್ಲ. ಬದಲಾದದ್ದು ಇಷ್ಟೇ: ಎದುರಿಗೆ ಮೂರನೆಯವನೊಬ್ಬ ಬಂದು ನಿಂತಿದ್ದ.

ಒಡೆದ ಸಮಾಜಕ್ಕೆ ಒಬ್ಬ ಶತ್ರುವನ್ನು ತೋರಿಸಿ ಒಂದು ಮಾಡುವ ಉಪಾಯ ಬಹಳ ಹಳೆಯದು. ಅದು ಕೆಲಸ ಮಾಡುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಹೇಗೆ ಕೆಲಸ ಮಾಡುತ್ತದೆ, ಎಷ್ಟು ದಿನ ಬಾಳುತ್ತದೆ, ಕೊನೆಗೆ ಅದರ ಸಾಲ ಯಾರ ತಲೆಗೆ ಬರುತ್ತದೆ ಎಂಬುದು ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಜರ್ಮನಿಯಲ್ಲಿ ಇದು ಸುಮಾರು ಐವತ್ತು ವರ್ಷ ನಡೆಯಿತು. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ನೋಡಲು ಸಿಗುತ್ತದೆ.

1866ರಲ್ಲಿ ಆಸ್ಟ್ರಿಯಾವನ್ನೂ ಅದರ ಜೊತೆಗಿದ್ದ ಜರ್ಮನ್ ರಾಜ್ಯಗಳನ್ನೂ ಸೋಲಿಸಿದ ಪ್ರಷ್ಯಾ, ಹ್ಯಾನೋವರ್, ನಸ್ಸಾವ್, ಫ್ರಾಂಕ್‌ಫರ್ಟ್‌ನಂಥ ನಾಡುಗಳನ್ನು ನುಂಗಿ ಉತ್ತರದಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡಿತು. ದಕ್ಷಿಣದ ರಾಜ್ಯಗಳು ಹೊರಗೇ ಉಳಿದವು. 1868ರಲ್ಲಿ ಸುಂಕದ ವಿಚಾರಕ್ಕೆಂದು ಎಲ್ಲ ಜರ್ಮನ್ ರಾಜ್ಯಗಳಿಗೂ ಸೇರಿ ಒಂದು ಸಂಸತ್ತಿಗೆ ಚುನಾವಣೆ ನಡೆದಾಗ ವ್ಯುರ್ಟೆಂಬರ್ಗ್‌ನಿಂದ ಪ್ರಷ್ಯಾ ಪರವಾದ ಒಬ್ಬನೇ ಒಬ್ಬನೂ ಗೆಲ್ಲಲಿಲ್ಲ. ಮರುವರ್ಷ ಬವೇರಿಯಾದ ಚುನಾವಣೆಯಲ್ಲಿ ಪ್ರಷ್ಯಾದ ಗಾಳಿಯೂ ಬೇಡ ಎನ್ನುವ ಪಕ್ಷಕ್ಕೇ ಬಹುಮತ ಬಂತು. ಮನೆಯೊಂದು ಮೂರು ಬಾಗಿಲು ಎನ್ನುತ್ತೇವಲ್ಲ, ಇಲ್ಲಿ ಇನ್ನೂ ಮನೆಯೇ ಆಗಿರಲಿಲ್ಲ. ಪ್ರಷ್ಯಾದ ಪ್ರಧಾನಿ ಓಟ್ಟೊ ಫಾನ್ ಬಿಸ್ಮಾರ್ಕ್‌ಗೆ ಮತಪೆಟ್ಟಿಗೆಯ ಮೂಲಕ ದಕ್ಷಿಣವನ್ನು ಒಲಿಸಿಕೊಳ್ಳುವ ದಾರಿ ಮುಚ್ಚಿಹೋಗಿತ್ತು.

ಆಗ ಒದಗಿ ಬಂದದ್ದು ಸ್ಪೇನಿನ ಖಾಲಿ ಸಿಂಹಾಸನ. ಪ್ರಷ್ಯಾದ ರಾಜಮನೆತನದ ಶಾಖೆಯೊಂದರ ಲಿಯೊಪೋಲ್ಡ್ ಎಂಬ ರಾಜಕುಮಾರನನ್ನು ಅಲ್ಲಿ ಕೂರಿಸುವ ಮಾತು ಹೊರಬಿದ್ದಾಗ ಫ್ರಾನ್ಸ್ ಕೆರಳಿತು. 1870ರ ಜುಲೈ 12ರಂದು ಆ ಉಮೇದುವಾರಿಕೆ ಹಿಂದಕ್ಕೆ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಫ್ರಾನ್ಸಿನ ರಾಯಭಾರಿ ಬೆನೆಡೆಟ್ಟಿ, ಎಮ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ವಿಶ್ರಾಂತಿಗೆ ಬಂದಿದ್ದ ಪ್ರಷ್ಯಾದ ರಾಜ ವಿಲ್ಹೆಲ್ಮ್‌ನನ್ನು ಕಂಡು, "ಮುಂದೆಂದೂ ಇಂಥ ಉಮೇದುವಾರಿಕೆಗೆ ಒಪ್ಪುವುದಿಲ್ಲ ಎಂದು ಮಾತು ಕೊಡಿ" ಎಂದು ಕೇಳಿದ. ರಾಜ ಆಗದು ಎಂದ. ಆಮೇಲೆ ತನ್ನ ಸಹಾಯಕನ ಕೈಯಲ್ಲಿ, ಇನ್ನು ಹೇಳುವುದೇನೂ ಉಳಿದಿಲ್ಲ ಎಂದು ತಿಳಿಸಿ ಕಳಿಸಿದ. ಇದೆಲ್ಲದರ ವರದಿ ತಂತಿಯಲ್ಲಿ ಬರ್ಲಿನ್‌ಗೆ ಹೋಯಿತು. ಅಲ್ಲಿ ಬಿಸ್ಮಾರ್ಕ್, ಸೇನಾಪತಿ ಮೋಲ್ಟ್‌ಕೆ, ಯುದ್ಧಮಂತ್ರಿ ರೋನ್ ಒಟ್ಟಿಗೆ ಊಟಕ್ಕೆ ಕೂತಿದ್ದರು. ಬಿಸ್ಮಾರ್ಕ್ ಪೆನ್ಸಿಲ್ ಹಿಡಿದು ಆ ತಂತಿಯನ್ನು ಕತ್ತರಿಸಿದ. ಸುಳ್ಳು ಸೇರಿಸುವ ಅಗತ್ಯ ಬೀಳಲಿಲ್ಲ, ಸೌಜನ್ಯದ ಮಾತುಗಳನ್ನು ತೆಗೆದದ್ದಷ್ಟೇ ಸಾಕಾಯಿತು. ಉಳಿದದ್ದನ್ನು ಓದಿದ ಫ್ರೆಂಚರಿಗೆ ತಮ್ಮ ರಾಯಭಾರಿಯನ್ನು ಬಾಗಿಲಿಂದಲೇ ಅಟ್ಟಿದಂತೆ ಕಂಡಿತು. ಜರ್ಮನರಿಗೆ ಮುದುಕ ರಾಜನನ್ನು ಪರದೇಶದವನೊಬ್ಬ ದಾರಿಯಲ್ಲಿ ಅಡ್ಡಗಟ್ಟಿ ಅವಮಾನಿಸಿದಂತೆ ಕಂಡಿತು. ಜುಲೈ 19ರಂದು ಯುದ್ಧ ಸಾರಿದ್ದು ಫ್ರಾನ್ಸ್.

ತನ್ನ ಒಂದು ಪೆನ್ಸಿಲ್ ಗೀಟಿನಿಂದ ದೇಶ ಹುಟ್ಟಿತು ಎಂಬಂತೆ ಬಿಸ್ಮಾರ್ಕ್ ಮುಪ್ಪಿನಲ್ಲಿ ಬರೆದುಕೊಂಡಿದ್ದಾನೆ. ಅಷ್ಟನ್ನೂ ನಂಬಬೇಕಿಲ್ಲ. ಪ್ಯಾರಿಸ್‌ನಲ್ಲೂ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಸುತ್ತ ಇದ್ದವರು ಇದೇ ಲೆಕ್ಕ ಹಾಕುತ್ತಿದ್ದರು, ಒಂದು ಚುರುಕಾದ ಗೆಲುವು ಸಿಕ್ಕರೆ ಒಳಗಿನ ವಿರೋಧಿಗಳ ಬಾಯಿ ಮುಚ್ಚುತ್ತದೆ ಎಂದು. ಔಷಧಿ ಎರಡೂ ಕಡೆ ಒಂದೇ, ಗುಣ ಕಂಡದ್ದು ಒಂದು ಕಡೆ. ಸೆಡಾನ್‌ನಲ್ಲಿ ಸೋತ ಮೇಲೆ ಫ್ರೆಂಚ್ ಸಾಮ್ರಾಜ್ಯ ಎರಡೇ ದಿನದಲ್ಲಿ ಉರುಳಿತು. 1871ರ ವಸಂತದಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯ ಎದ್ದು ಫ್ರೆಂಚರೇ ಫ್ರೆಂಚರನ್ನು ಕೊಂದರು. ಹೊರಗಿನ ಶತ್ರುವಿನ ಮೇಲೆ ಕಟ್ಟಿದ ಒಗ್ಗಟ್ಟಿಗೆ ಗೆಲುವೇ ತಳಪಾಯ. ಸೋತರೆ ಹಳೆಯ ಬಿರುಕು ಇನ್ನಷ್ಟು ಅಗಲವಾಗಿ ಬಾಯಿ ಬಿಡುತ್ತದೆ.

ಗೆದ್ದ ಜರ್ಮನಿಯಲ್ಲಾದರೂ ಒಗ್ಗಟ್ಟು ಎಷ್ಟು ಗಟ್ಟಿಯಾಗಿತ್ತು? 1871ರ ಜನವರಿ 18ರಂದು ವರ್ಸೈ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ವಿಲ್ಹೆಲ್ಮ್‌ನನ್ನು ಚಕ್ರವರ್ತಿ ಎಂದು ಘೋಷಿಸಿದ ಚಿತ್ರವನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡಿರುತ್ತೀರಿ. ಆ ಪಟ್ಟವನ್ನು ಸ್ವೀಕರಿಸಿ ಎಂದು ವಿಲ್ಹೆಲ್ಮ್‌ನನ್ನು ಕೋರಿ ಪತ್ರ ಬರೆದವನು ಬವೇರಿಯಾದ ರಾಜ ಎರಡನೆಯ ಲುಡ್ವಿಗ್. ಪತ್ರದ ಕರಡು ಬಿಸ್ಮಾರ್ಕ್‌ನದೇ. ಅರಮನೆಗಳನ್ನು ಕಟ್ಟಿಸುವ ಹುಚ್ಚಿನಲ್ಲಿ ಸಾಲಕ್ಕೆ ಬಿದ್ದಿದ್ದ ಲುಡ್ವಿಗ್‌ಗೆ ಬಿಸ್ಮಾರ್ಕ್ ಗುಟ್ಟಾಗಿ ಹಣ ಕಳಿಸುತ್ತಿದ್ದ. ಅದು ಹ್ಯಾನೋವರ್ ರಾಜಮನೆತನದಿಂದ ಮುಟ್ಟುಗೋಲು ಹಾಕಿಕೊಂಡ ಹಣ. ಒಬ್ಬ ಜರ್ಮನ್ ರಾಜನಿಂದ ಕಿತ್ತುಕೊಂಡದ್ದರಲ್ಲಿ ಇನ್ನೊಬ್ಬ ಜರ್ಮನ್ ರಾಜನ ಸಮ್ಮತಿ ಖರೀದಿಯಾಯಿತು. ವರ್ಸೈ ಸಮಾರಂಭ ಮುಗಿದು ಮೂರು ದಿನ ಆದ ಮೇಲೆ ಬವೇರಿಯಾದ ಕೆಳಮನೆ ಒಕ್ಕೂಟದ ಒಪ್ಪಂದಕ್ಕೆ ಮತ ಹಾಕಿತು: ಪರ 102, ವಿರೋಧ 48. ಮೂರನೇ ಎರಡರಷ್ಟು ಬೇಕಿತ್ತು, ದಾಟಿದ್ದು ಎರಡೇ ಮತಗಳಿಂದ. ಇಷ್ಟೊಂದು ರಕ್ತ ಹರಿಸಿ, ಅಷ್ಟು ದೊಡ್ಡ ಗೆಲುವು ಗಳಿಸಿದ ಮೇಲಿನ ಮಾತು ಇದು.

ಹೊರಗಿನ ಶತ್ರು ಮುಗಿದ ಮೇಲೆ

ಫ್ರಾನ್ಸ್ ಸೋತಿತು, 500 ಕೋಟಿ ಫ್ರಾಂಕ್ ದಂಡ ಕಟ್ಟಲು ಒಪ್ಪಿತು, ಆಲ್ಸೇಸ್ ಮತ್ತು ಲೊರೇನ್‌ನ ಒಂದು ಭಾಗ ಬಿಟ್ಟುಕೊಟ್ಟಿತು. ಹೊಸ ಸಾಮ್ರಾಜ್ಯಕ್ಕೆ ನಿಜವಾದ ತಲೆನೋವು ಶುರುವಾದದ್ದು ಆಗ. ಹೊರಗಿನ ಶತ್ರುವಿನದು ಒಂದು ತೊಂದರೆ ಇದೆ. ಅವನ ಜೊತೆ ನಿಜವಾಗಿಯೂ ಹೊಡೆದಾಡಬೇಕು, ಹೊಡೆದಾಟ ಒಂದು ದಿನ ಮುಗಿಯುತ್ತದೆ. ಒಳಗಿನ ಶತ್ರು ಹಾಗಲ್ಲ. ಖರ್ಚು ಕಡಿಮೆ, ಕೊನೆ ಇಲ್ಲ.

ಮೊದಲು ಆ ಸ್ಥಾನಕ್ಕೆ ಬಂದವರು ಕ್ಯಾಥೊಲಿಕರು. ಆಸ್ಟ್ರಿಯಾ ಹೊರಗುಳಿದದ್ದರಿಂದ ಹೊಸ ಜರ್ಮನಿಯಲ್ಲಿ ಅವರು ಸುಮಾರು ಮೂರನೇ ಒಂದು ಭಾಗದಷ್ಟಾಗಿದ್ದರು. 1870ರ ಜುಲೈನಲ್ಲಿ, ಯುದ್ಧ ಸಾರುವ ಹಿಂದಿನ ದಿನ, ಧರ್ಮದ ವಿಚಾರದಲ್ಲಿ ಪೋಪರು ಅಧಿಕೃತವಾಗಿ ಸಾರಿದ್ದರಲ್ಲಿ ತಪ್ಪಿರಲಾರದು ಎಂದು ರೋಮ್‌ನಲ್ಲಿ ನಿರ್ಣಯವಾಗಿತ್ತು. "ಹಾಗಾದರೆ ಇವರ ನಿಷ್ಠೆ ಚಕ್ರವರ್ತಿಗೋ ಪೋಪ್‌ಗೋ?" ಎಂಬ ಪ್ರಶ್ನೆ ಬರ್ಲಿನ್‌ನಲ್ಲಿ ಎದ್ದಿತು. 1871ರ ಡಿಸೆಂಬರ್‌ನಲ್ಲಿ ಚರ್ಚಿನ ವೇದಿಕೆಯಿಂದ ರಾಜಕೀಯ ಮಾತಾಡುವ ಪಾದ್ರಿಗೆ ಜೈಲು ಎಂಬ ಕಾನೂನು ಬಂತು. 1872ರಲ್ಲಿ ಜೆಸ್ಯೂಟರೆಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘವನ್ನು ನಿಷೇಧಿಸಿದರು. 1873ರ ಮೇ ತಿಂಗಳ ಕಾನೂನುಗಳು ಪಾದ್ರಿಗಳ ಓದು, ನೇಮಕ ಎಲ್ಲವನ್ನೂ ಸರ್ಕಾರದ ಕೈಗೆ ಕೊಟ್ಟವು. ಕಲೋನ್‌ನ ಆರ್ಚ್‌ಬಿಷಪ್ ಸೇರಿ ಎಷ್ಟೋ ಬಿಷಪ್‌ಗಳು ಜೈಲು ಕಂಡರು. ಪ್ರಷ್ಯಾದ ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳಲ್ಲಿ ಪಾದ್ರಿಯೇ ಇಲ್ಲದಂತಾಯಿತು. ಇದಕ್ಕೆ ಕುಲ್ಟೂರ್‌ಕಾಂಫ್, ಅಂದರೆ ಸಂಸ್ಕೃತಿಯ ಸಮರ, ಎಂಬ ಹೆಸರನ್ನು ಪ್ರಚಾರಕ್ಕೆ ತಂದವನು ಪಾದ್ರಿಯೂ ಅಲ್ಲ, ಸೇನಾಧಿಕಾರಿಯೂ ಅಲ್ಲ. ಜೀವಕೋಶಗಳ ಅಧ್ಯಯನಕ್ಕೆ ಹೆಸರಾದ ವೈದ್ಯ ವಿಜ್ಞಾನಿ, ಉದಾರವಾದಿ ರುಡಾಲ್ಫ್ ವಿರ್ಕೋ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಲಿಪಶು ಮಾಡುವುದೆಂದರೆ ಏನೂ ಇಲ್ಲದ ಕಡೆ ಶತ್ರುವನ್ನು ಸೃಷ್ಟಿಸುವುದು ಎಂದು ನಾವು ತಿಳಿಯುತ್ತೇವೆ. ಹಾಗಿದ್ದರೆ ವಿರ್ಕೋನಂಥ ಓದಿದವರು ಅದಕ್ಕೆ ಬೀಳುತ್ತಿರಲಿಲ್ಲ. ಶಾಲೆಗಳ ಉಸ್ತುವಾರಿ ಚರ್ಚಿನದೋ ಸರ್ಕಾರದ್ದೋ, ಮದುವೆ ನೋಂದಣಿ ಯಾರ ಕೆಲಸ ಎಂಬ ಪ್ರಶ್ನೆಗಳು ನಿಜವಾದವೇ, ಯುರೋಪಿನ ಬೇರೆ ದೇಶಗಳಲ್ಲೂ ಇದ್ದವು. 1875ರಲ್ಲಿ ದೇಶಕ್ಕೆಲ್ಲ ಬಂದ ಸಿವಿಲ್ ಮದುವೆಯ ಕಾನೂನನ್ನು ಇಂದು ಯಾರೂ ತಪ್ಪೆನ್ನುವುದಿಲ್ಲ. ಕೈಚಳಕ ಇರುವುದು ಆ ನಿಜವಾದ ಪ್ರಶ್ನೆಯಿಂದ ಮುಂದಿನ ಹೆಜ್ಜೆಗೆ ಜಾರುವಲ್ಲಿ: "ಈ ಕಾನೂನನ್ನು ಒಪ್ಪದವರು ದೇಶವನ್ನೇ ಒಪ್ಪದವರು" ಎಂಬಲ್ಲಿ. ಒಂದು ನೀತಿಯ ಬಗ್ಗೆ ಇದ್ದ ಭಿನ್ನಾಭಿಪ್ರಾಯ ಆ ಒಂದು ಹೆಜ್ಜೆಯಲ್ಲಿ ದ್ರೋಹವಾಗುತ್ತದೆ. ಬಿಸ್ಮಾರ್ಕ್ ಬಳಕೆಗೆ ತಂದ ಪದ "ಸಾಮ್ರಾಜ್ಯದ ಶತ್ರುಗಳು". ಕ್ಯಾಥೊಲಿಕರ ಸೆಂಟರ್ ಪಕ್ಷ, ಪೂರ್ವದ ಪೋಲರು, ಆಲ್ಸೇಸಿನವರು, ಹ್ಯಾನೋವರ್ ರಾಜನನ್ನು ಇನ್ನೂ ನೆನೆಯುತ್ತಿದ್ದವರು, ಸಮಾಜವಾದಿಗಳು ಎಲ್ಲರೂ ಒಂದೇ ಚೀಲಕ್ಕೆ ಬಿದ್ದರು. ಇವರಿಗೆ ಪರಸ್ಪರ ಏನೂ ಸಂಬಂಧವಿರಲಿಲ್ಲ.

ಹಾಗಾದರೆ ಯಾರನ್ನು ಆರಿಸುತ್ತಾರೆ? ಆ ಗುಂಪು ಎದ್ದು ಕಾಣುವಂತಿರಬೇಕು, ಆದರೆ ತಿರುಗಿಬಿದ್ದು ಸರ್ಕಾರ ಉರುಳಿಸುವಷ್ಟು ಬಲ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಡಿಯಾಚೆಗೆ ಒಂದು ಎಳೆ ತೋರಿಸಲು ಬರಬೇಕು. ಕ್ಯಾಥೊಲಿಕರಿಗೆ ರೋಮ್, ಸಮಾಜವಾದಿಗಳಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಸಂಘ ಮತ್ತು ಪ್ಯಾರಿಸ್ ಕಮ್ಯೂನ್, ಪೋಲರಿಗೆ ನಕ್ಷೆಯಲ್ಲೇ ಇಲ್ಲದ ಪೋಲೆಂಡ್, ಯೆಹೂದಿಗಳಿಗೆ ದೇಶವಿಲ್ಲದ ಹಣ. ಗಡಿಯಾಚೆಯ ಎಳೆ ತೋರಿಸಿದ ಕೂಡಲೇ ಪಕ್ಕದ ಮನೆಯವನು ಹೊರಗಿನವನಾಗುತ್ತಾನೆ.

1874ರ ಜುಲೈನಲ್ಲಿ ಕುಲ್‌ಮನ್ ಎಂಬ ಕ್ಯಾಥೊಲಿಕ್ ಯುವಕ ಬಿಸ್ಮಾರ್ಕ್ ಮೇಲೆ ಗುಂಡು ಹಾರಿಸಿದ. ಅದೂ 1866ರ ಅದೇ ಕಿಸಿಂಗನ್‌ನಲ್ಲಿ. ಕೈಗೆ ಸಣ್ಣ ಗಾಯವಾಯಿತು. ಬಿಸ್ಮಾರ್ಕ್ ಸಾಮ್ರಾಜ್ಯದ ಸಂಸತ್ತಾದ ರೈಖ್‌ಸ್ಟಾಗ್‌ಗೆ ಬಂದು ಸೆಂಟರ್ ಪಕ್ಷದ ಕಡೆ ತಿರುಗಿ, ನೀವು ಅವನನ್ನು ಎಷ್ಟೇ ದೂರ ತಳ್ಳಿದರೂ ಅವನು ನಿಮ್ಮ ಕೋಟಿನ ಚುಂಗು ಬಿಡುವುದಿಲ್ಲ ಎಂಬರ್ಥದ ಮಾತಾಡಿದ. ಒಬ್ಬ ಪೀಪಾಯಿ ಮಾಡುವ ಹುಡುಗನ ಅಪರಾಧ ದೇಶದ ಮೂರನೇ ಒಂದು ಭಾಗದ ಜನರ ಹೆಗಲಿಗೆ ಹೋಯಿತು.

ಫಲ ಏನಾಯಿತು? 1871ರಲ್ಲಿ 63 ಸ್ಥಾನ ಗೆದ್ದಿದ್ದ ಸೆಂಟರ್ ಪಕ್ಷ 1874ರಲ್ಲಿ 91 ಗೆದ್ದಿತು. ಅಲ್ಲಿಯವರೆಗೆ ರೈನ್‌ಲ್ಯಾಂಡಿನ ಕಾರ್ಖಾನೆ ಕೆಲಸಗಾರನಿಗೂ ಸೈಲೀಸಿಯಾದ ಜಮೀನ್ದಾರನಿಗೂ ಚರ್ಚಿನಲ್ಲಿ ಮಂಡಿಯೂರುವುದರ ಹೊರತು ಸಮಾನವಾದದ್ದು ಏನಿತ್ತು? ಈಗ ಇಬ್ಬರಿಗೂ ಒಬ್ಬನೇ ಶತ್ರು ಸಿಕ್ಕಿದ್ದ, ಬಿಸ್ಮಾರ್ಕ್. ದೇಶವನ್ನು ಒಗ್ಗೂಡಿಸಲು ಹೊರಟ ಉಪಾಯ ಮೊದಲು ಒಗ್ಗೂಡಿಸಿದ್ದು ಬಲಿಪಶುಗಳನ್ನು. ಕ್ಯಾಥೊಲಿಕರಿಗೆ ಅವರದೇ ಪತ್ರಿಕೆ, ಅವರದೇ ಸಂಘ, ಅವರದೇ ಸಾಲದ ಸೊಸೈಟಿ ಎಲ್ಲ ಹುಟ್ಟಿಕೊಂಡವು. ಆ ಪಕ್ಷದ ನಾಯಕ ವಿಂಟ್‌ಹೋರ್ಸ್ಟ್ ಬಗ್ಗೆ ಬಿಸ್ಮಾರ್ಕ್ ಹೇಳಿದನೆಂಬ ಮಾತೊಂದಿದೆ: ನನ್ನ ಬದುಕನ್ನು ಚೆಂದಗೊಳಿಸಿದವರು ಇಬ್ಬರು, ಪ್ರೀತಿಸಲು ಹೆಂಡತಿ, ದ್ವೇಷಿಸಲು ವಿಂಟ್‌ಹೋರ್ಸ್ಟ್. ತಮಾಷೆಯಂತೆ ಕಂಡರೂ ಮನುಷ್ಯ ತನ್ನ ರಾಜಕೀಯದ ಗುಟ್ಟನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರ.

ಇನ್ನೂ ಸ್ವಾರಸ್ಯ ಇರುವುದು ಆ ಸಮರ ಮುಗಿದ ರೀತಿಯಲ್ಲಿ. ಅಷ್ಟು ವರ್ಷ ಬಿಸ್ಮಾರ್ಕ್‌ಗೆ ಸಂಸತ್ತಿನಲ್ಲಿ ಬೆಂಬಲವಾಗಿದ್ದವರು ಉದಾರವಾದಿಗಳು. ಅವರನ್ನು ಅಂಟಿಸಿಟ್ಟಿದ್ದ ಗೋಂದು ಪಾದ್ರಿಗಳ ಮೇಲಿನ ಸಿಟ್ಟು. 1870ರ ದಶಕದ ಕೊನೆಗೆ ಬಿಸ್ಮಾರ್ಕ್‌ಗೆ ಆಮದು ಸುಂಕ ಏರಿಸಬೇಕಿತ್ತು, ಉದಾರವಾದಿಗಳಲ್ಲಿ ಬಹಳ ಮಂದಿ ಮುಕ್ತ ವ್ಯಾಪಾರದವರು. 1879ರಲ್ಲಿ ಸುಂಕದ ಮಸೂದೆ ಪಾಸಾದದ್ದು ಅದೇ ಸೆಂಟರ್ ಪಕ್ಷದ ಮತಗಳಿಂದ! ಪೋಪ್ ಬದಲಾಗಿದ್ದರು ನಿಜ. ಆದರೆ ಜರ್ಮನಿಯ ಕ್ಯಾಥೊಲಿಕರು ಬದಲಾಗಿರಲಿಲ್ಲ. ಅವರ ದ್ರೋಹ ಎಲ್ಲಿ ಹೋಯಿತು? ಬದಲಾದದ್ದು ಬಿಸ್ಮಾರ್ಕ್‌ನ ಅಗತ್ಯ. ದೇಶದ ಒಗ್ಗಟ್ಟು ಎಂದು ಯಾರಾದರೂ ಹೇಳುವಾಗ, ನಿಜಕ್ಕೂ ಒಗ್ಗೂಡುತ್ತಿರುವುದು ದೇಶವೋ ಆಳುವವರ ಕೂಟವೋ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

1873ರಲ್ಲಿ ಮಾರುಕಟ್ಟೆ ಕುಸಿಯಿತು. ಫ್ರಾನ್ಸಿನ ದಂಡದ ಹಣ ಹರಿದುಬಂದು, ರೈಲ್ವೆ ಮತ್ತು ಬ್ಯಾಂಕ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದು, ಷೇರು ಹಾಕದವನೇ ದಡ್ಡ ಎನ್ನುವಂತಾಗಿದ್ದ ಕಾಲ ಅದು. ಕುಸಿತದ ಕಾರಣಗಳಲ್ಲಿ ಯುದ್ಧದ ಗೆಲುವೂ ಒಂದು ಎಂದು ಹೇಳಿದರೆ ಯಾರು ಕೇಳುತ್ತಾರೆ? ಜನಸಂಖ್ಯೆಯ ಶೇಕಡ ಒಂದರಷ್ಟಿದ್ದ ಯೆಹೂದಿಗಳ ಕಡೆ ಬೆರಳು ತಿರುಗಿತು. ಜನಪ್ರಿಯ ಪತ್ರಿಕೆಗಳಲ್ಲಿ ಲೇಖನಮಾಲೆಗಳೇ ಬಂದವು. ಪ್ರಷ್ಯಾದ ರೈಲ್ವೆ ಪರವಾನಗಿಗಳ ಹಗರಣವನ್ನು ಕುಸಿತಕ್ಕೂ ಕೆಲವು ತಿಂಗಳ ಮುಂಚೆಯೇ ಸದನದಲ್ಲಿ ಬಯಲಿಗೆಳೆದವನು ಎಡುವಾರ್ಡ್ ಲಾಸ್ಕರ್. ಅವನೇ ಯೆಹೂದಿ. ಕಳ್ಳತನ ತೋರಿಸಿಕೊಟ್ಟವನ ಜನಕ್ಕೇ ಕಳ್ಳರೆಂಬ ಪಟ್ಟ ಬಂತು. 1879ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರಸಿದ್ಧ ಇತಿಹಾಸಕಾರ ಟ್ರೈಟ್ಶ್‌ಕೆ "ಯೆಹೂದಿಗಳೇ ನಮ್ಮ ದುರದೃಷ್ಟ" ಎಂಬ ವಾಕ್ಯವನ್ನು ಅಚ್ಚು ಹಾಕಿಸಿದ. ಆ ವಾಕ್ಯ ಮುಂದೆ ನಾಜಿ ಪತ್ರಿಕೆಯೊಂದರ ಮುಖಪುಟಕ್ಕೆ ಹೋಗಿ ಕೂತಿತು. ಬಿಸ್ಮಾರ್ಕ್ ಈ ಚಳವಳಿಯನ್ನು ಹುಟ್ಟುಹಾಕಲಿಲ್ಲ, ತಡೆಯಲೂ ಇಲ್ಲ. ಅವನ ಖಾಸಗಿ ಹಣಕಾಸು ನೋಡಿಕೊಳ್ಳುತ್ತಿದ್ದ ಬ್ಲೈಖ್‌ರೋಡರ್ ಸ್ವತಃ ಯೆಹೂದಿ.

ಸಮಾಜವಾದಿಗಳ ಸರದಿ 1878ರಲ್ಲಿ. ಮೇ ತಿಂಗಳಲ್ಲಿ ಹೋಡೆಲ್ ಎಂಬವನು ಮುದಿ ಚಕ್ರವರ್ತಿಯ ಮೇಲೆ ಗುಂಡು ಹಾರಿಸಿದ, ತಗಲಲಿಲ್ಲ. ಅವನನ್ನು ಸಮಾಜವಾದಿ ಪಕ್ಷ ಆಗಲೇ ಹೊರಹಾಕಿತ್ತು. ಆದರೂ ಬಿಸ್ಮಾರ್ಕ್ ನಿಷೇಧದ ಮಸೂದೆ ತಂದ, ರೈಖ್‌ಸ್ಟಾಗ್ ಭಾರೀ ಬಹುಮತದಿಂದ ತಳ್ಳಿಹಾಕಿತು. ಜೂನ್ 2ರಂದು ನೊಬಿಲಿಂಗ್ ಎಂಬ ಇನ್ನೊಬ್ಬ ಹಾರಿಸಿದ ಚರೆಗಳಿಂದ ಚಕ್ರವರ್ತಿಗೆ ಬಲವಾದ ಗಾಯವಾಯಿತು. ಸುದ್ದಿ ಕೇಳಿದ ಬಿಸ್ಮಾರ್ಕ್‌ನ ಬಾಯಿಂದ ಮೊದಲು ಬಂದದ್ದು ರೈಖ್‌ಸ್ಟಾಗ್ ವಿಸರ್ಜಿಸುವ ಮಾತು, ಚಕ್ರವರ್ತಿಯ ಆರೋಗ್ಯ ವಿಚಾರಿಸಿದ್ದು ಆಮೇಲೆ ಎಂದು ಅವನ ಆಪ್ತ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಭಯದ ನಡುವೆ ಚುನಾವಣೆ ನಡೆದು ಅಕ್ಟೋಬರ್‌ನಲ್ಲಿ ಕಾನೂನು ಪಾಸಾಯಿತು. ಹನ್ನೆರಡು ವರ್ಷ ಸಮಾಜವಾದಿಗಳ ಸಭೆ, ಪತ್ರಿಕೆ, ಸಂಘ ಎಲ್ಲ ನಿಷಿದ್ಧ. 1877ರಲ್ಲಿ ಅವರಿಗೆ ಬಿದ್ದ ಮತ 5 ಲಕ್ಷದ ಹತ್ತಿರ. ನಿಷೇಧದ ಕೊನೆಯ ವರ್ಷ 1890ರಲ್ಲಿ 14 ಲಕ್ಷ ದಾಟಿತು, ಮತಗಳ ಲೆಕ್ಕದಲ್ಲಿ ದೇಶದ ಅತಿ ದೊಡ್ಡ ಪಕ್ಷವಾಯಿತು. ಅದೇ ವರ್ಷ ಬಿಸ್ಮಾರ್ಕ್ ಕುರ್ಚಿ ಬಿಟ್ಟ.

ಜರ್ಮನ್ ಇತಿಹಾಸಕಾರರು ಈ ಬಗೆಯ ಆಡಳಿತವನ್ನು ಋಣಾತ್ಮಕ ಏಕೀಕರಣ ಎಂದು ಕರೆದರು: ನಾವು ಯಾರು ಎಂದು ಹೇಳಲಾಗದೆ, ನಾವು ಯಾರಲ್ಲ ಎಂಬುದರಿಂದ ಒಂದಾಗುವುದು. ಎಲ್ಲವೂ ಹೀಗೇ ಇತ್ತೆನ್ನುವುದು ಅನ್ಯಾಯವಾದೀತು. ಊರೂರಿಗೊಂದು ನಾಣ್ಯವಿದ್ದ ಕಡೆ ಒಂದೇ ಮಾರ್ಕ್ ಬಂತು. 1883ರಿಂದ 1889ರೊಳಗೆ ಕಾಯಿಲೆ, ಅಪಘಾತ, ಮುಪ್ಪಿಗೆ ವಿಮೆ ಬಂತು. 1900ರಲ್ಲಿ ಇಡೀ ದೇಶಕ್ಕೆ ಒಂದೇ ನಾಗರಿಕ ಸಂಹಿತೆ ಜಾರಿಯಾಯಿತು. ಬವೇರಿಯಾದ ರೈತನ ಮಗನನ್ನು ಬರ್ಲಿನ್‌ಗೆ ನಿಧಾನವಾಗಿ ಹತ್ತಿರ ತಂದದ್ದರಲ್ಲಿ ಇವುಗಳ ಪಾಲು ದೊಡ್ಡದು ಎಂದು ನನ್ನ ಅನಿಸಿಕೆ. ಆದರೆ ವಿಮೆಯ ರಸೀತಿ ಹಿಡಿದು ಯಾರೂ ಮೆರವಣಿಗೆ ಹೋಗುವುದಿಲ್ಲ.

ಇದಕ್ಕೆ ಹೊಂದುವ ಒಂದು ಪ್ರಯೋಗವೂ ಇದೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಬೇಸಿಗೆ ಶಿಬಿರದ ಹುಡುಗರನ್ನು ಎರಡು ಗುಂಪು ಮಾಡಿ, ಪೈಪೋಟಿಗೆ ಬಿಟ್ಟು, ಜಗಳ ಹತ್ತಿದ ಮೇಲೆ ಅದನ್ನು ಆರಿಸುವ ದಾರಿ ಹುಡುಕಿದ. 1949ರ ಶಿಬಿರದಲ್ಲಿ ಹೊರಗಿನ ತಂಡದ ಮೇಲೆ ಇಬ್ಬರನ್ನೂ ಒಟ್ಟಿಗೆ ಆಡಿಸಿದಾಗ ದ್ವೇಷ ತಾತ್ಕಾಲಿಕವಾಗಿ ತಗ್ಗಿತು. ಆದರೆ ಇದು ಜಗಳವನ್ನು ಇನ್ನಷ್ಟು ಅಗಲ ಮಾಡುವ ದಾರಿ ಎಂದು ಅವನಿಗೆ ಕಂಡಿತು. 1954ರಲ್ಲಿ ಒಕ್ಲಹೋಮಾದ ಶಿಬಿರದಲ್ಲಿ ಅದನ್ನು ಬಿಟ್ಟು, ನಿಂತುಹೋದ ನೀರಿನ ಸರಬರಾಜು, ಕೆಟ್ಟು ನಿಂತ ಲಾರಿಯಂಥ ಎಲ್ಲರೂ ಕೈ ಹಾಕಲೇಬೇಕಾದ ಕೆಲಸಗಳನ್ನು ಕೊಟ್ಟ. ಆಗ ಹುಡುಗರು ನಿಧಾನವಾಗಿ ಬೆರೆತರು.

ಹೊರಗಿನ ಶತ್ರುವಿನ ಆಯುಷ್ಯ ಎಷ್ಟು ಕಡಿಮೆ ಎಂಬುದಕ್ಕೆ ಅರ್ಜೆಂಟೀನಾ ನೋಡಿದರೆ ಸಾಕು. 1982ರ ಮಾರ್ಚ್ 30ರಂದು ಬ್ಯೂನೊಸ್ ಐರಿಸ್‌ನಲ್ಲಿ ಸೇನಾ ಸರ್ಕಾರದ ವಿರುದ್ಧ ಬೀದಿಗಿಳಿದ ಕಾರ್ಮಿಕರನ್ನು ಪೊಲೀಸರು ಹೊಡೆದು ಓಡಿಸಿದರು. ಏಪ್ರಿಲ್ 2ರಂದು ಸೇನೆ ಬ್ರಿಟನ್ನಿನ ವಶದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಇಳಿದಾಗ ಅದೇ ಊರಿನ ಪ್ಲಾಜಾ ದೆ ಮಾಯೊ ಚೌಕದಲ್ಲಿ ಜನ ತುಂಬಿ ಜನರಲ್ ಗಾಲ್ತಿಯೇರಿಗೆ ಜೈಕಾರ ಹಾಕಿದರು. ಜೂನ್ 14ರಂದು ಸೋಲು, ಕೆಲವೇ ದಿನದಲ್ಲಿ ಗಾಲ್ತಿಯೇರಿ ಮನೆಗೆ. ಸತ್ತವರು ಅರ್ಜೆಂಟೀನಾದ 649, ಬ್ರಿಟನ್ನಿನ 255 ಮಂದಿ. ಗೆದ್ದ ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಮರುವರ್ಷದ ಚುನಾವಣೆಯನ್ನು ಭಾರೀ ಬಹುಮತದಿಂದ ಗೆದ್ದರು.

ಲೆಕ್ಕ ತೀರಿಸಿದವರು

1914ರ ಆಗಸ್ಟ್‌ನಲ್ಲಿ ಜರ್ಮನಿ ಮತ್ತೆ ಯುದ್ಧಕ್ಕೆ ಹೊರಟಾಗ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್, ಇನ್ನು ನನಗೆ ಪಕ್ಷಗಳು ಗೊತ್ತಿಲ್ಲ, ಜರ್ಮನರು ಮಾತ್ರ ಗೊತ್ತು ಎಂದ. ಕ್ಯಾಥೊಲಿಕರು, ಸಮಾಜವಾದಿಗಳು, ಯೆಹೂದಿಗಳು ಇದನ್ನು ಮನಸಾರೆ ನಂಬಿದರು. ಸಮಾಜವಾದಿಗಳು ಯುದ್ಧದ ಸಾಲಕ್ಕೆ ಮತ ಹಾಕಿದರು. ಸುಮಾರು ಒಂದು ಲಕ್ಷ ಯೆಹೂದಿಗಳು ಸೇನೆಯಲ್ಲಿದ್ದರು, ಅವರಲ್ಲಿ 12,000 ಮಂದಿ ಸತ್ತರು. ಗೆಲುವು ಬರುತ್ತಿಲ್ಲ ಎಂದು ಗೊತ್ತಾಗುತ್ತಿದ್ದ 1916ರ ಅಕ್ಟೋಬರ್‌ನಲ್ಲಿ ಯುದ್ಧ ಇಲಾಖೆ ಒಂದು ಎಣಿಕೆಗೆ ಆಜ್ಞೆ ಕೊಟ್ಟಿತು: ಯೆಹೂದಿಗಳು ನಿಜವಾಗಿ ಮುಂಚೂಣಿಯಲ್ಲಿ ಇದ್ದಾರೆಯೇ, ತಪ್ಪಿಸಿಕೊಳ್ಳುತ್ತಿದ್ದಾರೆಯೇ? ಯುದ್ಧ ಮುಗಿಯುವವರೆಗೂ ಫಲಿತಾಂಶವನ್ನು ಪ್ರಕಟಿಸಲಿಲ್ಲ. ಅನುಮಾನ ಹರಡಲು ಎಣಿಸಿದ್ದೇ ಸಾಕಾಗಿತ್ತು.

ಸೇನಾಪತಿಗಳು ಸೋತರು. ಕದನವಿರಾಮಕ್ಕೆ ಸಹಿ ಹಾಕಲು 1918ರ ನವೆಂಬರ್ 11ರಂದು ಅವರು ಹೋಗಲಿಲ್ಲ, ಹೋದವನು ಸೆಂಟರ್ ಪಕ್ಷದ ಮಟಿಯಾಸ್ ಎರ್ಟ್ಸ್‌ಬರ್ಗರ್. ಒಂದು ವರ್ಷದ ಮೇಲೆ ಯುದ್ಧಕಾಲದ ಸೇನಾಪತಿ ಹಿಂಡನ್‌ಬರ್ಗ್ ವಿಚಾರಣಾ ಸಮಿತಿಯ ಮುಂದೆ ಬಂದು ಸೇನೆಗೆ ಬೆನ್ನಿಗೆ ಚೂರಿ ಹಾಕಲಾಯಿತು ಎಂದ. ಹಾಕಿದವರು ಯಾರು ಎಂದು ಯಾರೂ ಹೊಸದಾಗಿ ಹುಡುಕಬೇಕಿರಲಿಲ್ಲ. ಬಿಸ್ಮಾರ್ಕ್‌ನ ಕಾಲದ ಪಟ್ಟಿ ಹಾಗೆಯೇ ಇತ್ತು: ಕ್ಯಾಥೊಲಿಕ್ ರಾಜಕಾರಣಿಗಳು, ಸಮಾಜವಾದಿಗಳು, ಯೆಹೂದಿಗಳು. ದುರಂತವೆಂದರೆ ಯುದ್ಧದ ಮೇಲೆ ಹುಟ್ಟಿದ ಗಣರಾಜ್ಯವನ್ನು ಹೆಗಲ ಮೇಲೆ ಹೊತ್ತವರೂ ಇವರೇ. ಸಮಾಜವಾದಿಗಳು, ಸೆಂಟರ್ ಪಕ್ಷ, ಉದಾರವಾದಿ ಪ್ರಜಾಪ್ರಭುತ್ವವಾದಿಗಳು ಸೇರಿ ಅದರ ಸಂವಿಧಾನ ಬರೆದರು. ನಲವತ್ತು ವರ್ಷ ಸಾಮ್ರಾಜ್ಯದ ಶತ್ರುಗಳು ಎಂದು ಪಾಠ ಹೇಳಿಸಿಕೊಂಡ ಜನಕ್ಕೆ ಆ ಸರ್ಕಾರ ನಮ್ಮದು ಎನಿಸುವುದು ಹೇಗೆ? 1921ರ ಆಗಸ್ಟ್‌ನಲ್ಲಿ ಎರ್ಟ್ಸ್‌ಬರ್ಗರ್‌ನನ್ನು ಗುಂಡಿಟ್ಟು ಕೊಂದರು. 1922ರ ಜೂನ್ 24ರಂದು ವಿದೇಶಾಂಗ ಮಂತ್ರಿ ವಾಲ್ಟರ್ ರಾಟೆನಾವ್‌ನನ್ನು, ಯೆಹೂದಿ, ಬರ್ಲಿನ್‌ನ ರಸ್ತೆಯಲ್ಲಿ ಅವನ ಕಾರಿನಲ್ಲೇ ಕೊಂದರು.

ಮರುದಿನ ಪ್ರಧಾನಿ ಯೋಸೆಫ್ ವಿರ್ಟ್ ರೈಖ್‌ಸ್ಟಾಗ್‌ನಲ್ಲಿ ಎದ್ದು ನಿಂತ. ಅವನೂ ಸೆಂಟರ್ ಪಕ್ಷದ ಕ್ಯಾಥೊಲಿಕ್. ರಾಷ್ಟ್ರವಾದಿಗಳು ಕೂತಿದ್ದ ಸಾಲಿನ ಕಡೆ ಕೈ ತೋರಿಸಿ, ಶತ್ರು ನಿಂತಿರುವುದು ಅಲ್ಲಿ, ಅದರಲ್ಲಿ ಸಂಶಯವೇ ಬೇಡ, ಆ ಶತ್ರು ಬಲಗಡೆ ನಿಂತಿದ್ದಾನೆ ಎಂದ. ಹಳೆಯ ಬಲಿಪಶುವಿನ ಬಾಯಲ್ಲೂ ಅದೇ ಶತ್ರು ಎಂಬ ಪದ ಬಂತಲ್ಲ ಎಂದು ಅನಿಸಬಹುದು. ಆದರೆ ಬಿಸ್ಮಾರ್ಕ್ ಬೆರಳು ಮಾಡಿದ್ದು ಜನ ಯಾವ ಚರ್ಚಿಗೆ ಹೋಗುತ್ತಾರೆ, ಯಾವ ಮನೆತನದಲ್ಲಿ ಹುಟ್ಟಿದ್ದಾರೆ, ಯಾರಿಗೆ ಮತ ಹಾಕುತ್ತಾರೆ ಎಂಬುದರ ಕಡೆಗೆ. ವಿರ್ಟ್ ಮಾತಾಡುತ್ತಿದ್ದುದು ಹಿಂದಿನ ದಿನ ನಡೆದ ಒಂದು ಕೊಲೆ ಮತ್ತು ಅದಕ್ಕೆ ವಿಷ ಉಣಿಸಿದ ರಾಜಕೀಯದ ಬಗ್ಗೆ. ಆ ಸಾಲಿನವರ ನಾಯಕರಲ್ಲಿ ಒಬ್ಬನಾದ ಕಾರ್ಲ್ ಹೆಲ್ಫೆರಿಖ್, ಕೊಲೆಯ ಹಿಂದಿನ ದಿನವಷ್ಟೇ ಅದೇ ಸದನದಲ್ಲಿ ರಾಟೆನಾವ್‌ನ ನೀತಿಯನ್ನು ಕಟುವಾಗಿ ಜರೆದಿದ್ದ.